ಎತ್ತಿ ನೋಡುವ ದಿನ

೪ ಜೂನ್

ಪ್ರೀತಿಯ ಯಾಕಮ್ಮನಿಗೆ,

ನಿರ್ದೇಶಕಿಯಾದವಳನ್ನು ಇನ್ನು ಮುಂದೆಯೂ ಈ ಅಡ್ಡಹೆಸರಿನಿಂದ ಕರೆಯಬಹುದೇ ಎಂದು ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿದೆ. ತರಬೇತಿಗೆ ಬಂದ ಮೊದಲ ವಾರವೇ, ಈ ಕೇಬಲ್ ಇಲ್ಲಿಗೇ ಯಾಕೆ, ಆ ಬೀಗದ ಕೈ ಅವರ ಬಳಿಯೇ ಯಾಕೆ, ಪಾಸ್‌ವರ್ಡ್ ಗೋಡೆಯ ಮೇಲೆ ಯಾಕೆ ಎಂದು ಕೇಳಿ ಕೇಳಿ ನಮ್ಮ ಗಣಕ ಕೇಂದ್ರವನ್ನೆಲ್ಲ ಹಣ್ಣುಗಾಯಿ ನೀರುಗಾಯಿ ಮಾಡಿದವಳು ನೀನು. ಆ ಹೆಸರನ್ನು ನೀನೇ ಸಂಪಾದಿಸಿಕೊಂಡದ್ದು; ಹುದ್ದೆ ಬಂದ ಮಾತ್ರಕ್ಕೆ ಕಿತ್ತುಕೊಳ್ಳಲಾರೆ.

ಇ-ಮೇಲ್ ಬಿಟ್ಟು ಕಾಗದವೇಕೆ ಎಂದೂ ಕೇಳುತ್ತೀಯೆ. ನಮ್ಮಿಬ್ಬರ ವಿಶ್ವವಿದ್ಯಾಲಯಗಳ ಇ-ಮೇಲನ್ನು ಕಾಯುವವರು ನಾವೇ ಅಲ್ಲವೆ? ಅದು ಎಷ್ಟು ಜನರ ಕಣ್ಣಿಗೆ ಬೀಳಬಲ್ಲದು ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಈಗ ಕೆಲಸದ ಮಾತು. ನಿಮ್ಮ ವಿಶ್ವವಿದ್ಯಾಲಯದ ಗಣಕ ನಿರ್ದೇಶಕಿಯ ಕುರ್ಚಿಯ ಜೊತೆಗೆ ನಿನಗೆ ಇನ್ನೊಂದು ಹೊಣೆಯೂ ಬಂದಿದೆ. ವಿಶ್ವವಿದ್ಯಾಲಯಗಳ ಗಣಕ ನಿರ್ದೇಶಕರ ನಮ್ಮ ರಾಷ್ಟ್ರೀಯ ಸಂಘದಲ್ಲಿ ಬಹಳ ಹಿಂದಿನಿಂದ ಒಂದು ಪದ್ಧತಿಯಿದೆ. ಪ್ರತಿಯೊಂದು ವಿಶ್ವವಿದ್ಯಾಲಯವೂ ತನ್ನ ವಿದ್ಯಾರ್ಥಿಗಳ ದಾಖಲೆಗಳ ಬ್ಯಾಕಪ್ಪನ್ನು ಇನ್ನೊಂದರ ಬಳಿ ಇಡುತ್ತದೆ. ಬೆಂಕಿ ಬೀಳಲಿ, ನೀರು ನುಗ್ಗಲಿ, ಯಾರೋ ಒಳಹೊಕ್ಕು ಎಲ್ಲವನ್ನೂ ಅಳಿಸಿಹಾಕಲಿ, ಮಕ್ಕಳ ಅಂಕಗಳ ಒಂದು ನಕಲು ಬೇರೊಂದು ಊರಿನಲ್ಲಿ ಉಳಿದಿರುತ್ತದೆ. ನಮ್ಮದನ್ನು ಕಾಯುವವರು ನೀವು. ನಿಮ್ಮದನ್ನು ಕಾಯುವವರು ನಾವು. ಕಾದರಷ್ಟೇ ಸಾಲದು. ವರ್ಷಕ್ಕೊಮ್ಮೆ ಆ ನಕಲನ್ನು ಖಾಲಿ ಯಂತ್ರವೊಂದರ ಮೇಲೆ ಬಿಚ್ಚಿ, ಅದು ನಿಜವಾಗಿ ಜೀವ ಹಿಡಿದು ಏಳುತ್ತದೆಯೇ ಎಂದು ಪರೀಕ್ಷಿಸಬೇಕು. ಸಂಘದ ಭಾಷೆಯಲ್ಲಿ ಇದಕ್ಕೆ ‘ಎತ್ತಿ ನೋಡುವುದು’ ಎನ್ನುತ್ತೇವೆ. ಎತ್ತಿ ನೋಡಿದವರು ತಾವು ಕಂಡದ್ದನ್ನು ನವೆಂಬರಿನ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಓದಬೇಕು, ಅದು ನಿಯಮ.

ಡಿಸೆಂಬರಿನ ಕೊನೆಗೆ ನನ್ನ ನಿವೃತ್ತಿ. ಸಂಘದ ಅಧ್ಯಕ್ಷನಾಗಿ ನನಗಿದು ಕೊನೆಯ ಸಭೆ. ಅಲ್ಲಿ ಒಂದೇ ಒಂದು ಠರಾವು ಮಂಡಿಸಬೇಕೆಂದಿದ್ದೇನೆ: ಈ ಪದ್ಧತಿಯ ಬಾಗಿಲನ್ನು ಚಿಕ್ಕ ಕಾಲೇಜುಗಳಿಗೂ ತೆರೆಯಬೇಕು. ಹೋದ ತಿಂಗಳು ಅಂಥದೊಂದು ಕಾಲೇಜಿಗೆ ಹೋಗಿದ್ದೆ. ಸರ್ವರ್ ಇರುವುದು ಮೆಟ್ಟಿಲ ಕೆಳಗೆ, ಪೊರಕೆ ಬಕೀಟುಗಳ ಪಕ್ಕದಲ್ಲಿ. ಇಡೀ ವಿಭಾಗವೆಂದರೆ ಒಬ್ಬರೇ ಮೇಡಂ. ಬ್ಯಾಕಪ್ ಎಲ್ಲಿದೆ ಎಂದು ಕೇಳಿದೆ. ಆಕೆ ಹೆಗಲಿನ ಚೀಲವನ್ನು ತಟ್ಟಿ ತೋರಿಸಿದರು.

“ಇಲ್ಲೇ ಸರ್. ದಿನಾ ನನ್ ಜೊತೆ ಬಸ್ಸಲ್ಲಿ ಮನೆಗೆ ಬರುತ್ತೆ, ಬೆಳಿಗ್ಗೆ ನನ್ ಜೊತೆ ವಾಪಸ್ ಬರುತ್ತೆ. ಒಂದಿನ ಚೀಲ ಕಳೆದ್ರೆ ಕಾಲೇಜೇ ಕಳೀತು ಅಂದ್ಕೊಳ್ಳಿ.”

ಆಕೆ ನಗುತ್ತ ಹೇಳಿದರು. ನನಗೆ ನಗಲಾಗಲಿಲ್ಲ. ಆದರೆ ನಮ್ಮ ಸಂಘದ ದೊಡ್ಡಪ್ಪ (ಎಲ್ಲಕ್ಕಿಂತ ದೊಡ್ಡ ವಿಶ್ವವಿದ್ಯಾಲಯದ ನಿರ್ದೇಶಕರನ್ನು ಬೆನ್ನ ಹಿಂದೆ ಎಲ್ಲರೂ ಕರೆಯುವುದು ಹಾಗೆಯೇ) ಈಗಲೇ ಗುರುಗುಟ್ಟತೊಡಗಿದ್ದಾರೆ: “ನಮ್ಮನೆ ಅಟ್ಟದಲ್ಲಿ ನಮ್ ಸಾಮಾನಿಗೇ ಜಾಗ ಇಲ್ಲ, ಊರೋರ ಗಂಟು ಬೇರೆ ತಂದಿಟ್ಕೋಬೇಕಾ?” ಠರಾವನ್ನು ಅನುಮೋದಿಸುವವಳು ನೀನಾಗಬೇಕು ಎಂಬುದು ನನ್ನ ಆಸೆ.

ಉತ್ಸಾಹ ಕುಗ್ಗಿಲ್ಲ, ಶಕ್ತಿ ಕುಗ್ಗಿದೆ. ಅಡುಗೆಮನೆಯ ದೀಪದ ಸ್ವಿಚ್ಚು ಕೆಟ್ಟು ಬಹಳ ದಿನವಾಯಿತು. “ಅದನ್ನ ಸರಿಮಾಡ್ಸೋಕೂ ಸಂಘದ ಸಭೆ ಕರೀಬೇಕೇನ್ರೀ?” ಎಂದು ನನ್ನಾಕೆ ಕೇಳುತ್ತಿದ್ದಾಳೆ.

ನಿನ್ನ ಏಳಿಗೆಯನ್ನು ದೂರದಿಂದ ನೋಡಿ ಹಿಗ್ಗುವ,
ಮೇಷ್ಟ್ರು


೨ ಜುಲೈ

ಮೇಷ್ಟ್ರೇ, ನಮಸ್ಕಾರ.

ಹೊಸ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕಿಟಕಿ ತೆರೆದರೆ ಜನರೇಟರಿನ ಸದ್ದು. ಮುಚ್ಚಿದರೆ ಹಿಂದಿನವರು ಬಿಟ್ಟುಹೋದ ಕೀಬೋರ್ಡುಗಳ ರಾಶಿಯ ಧೂಳು. ಬೆಳಗಿನಿಂದ ಬರುವವರೆಲ್ಲ ಬಾಗಿಲಲ್ಲೇ ನಿಂತು “ತುಂಬಾ ಸ್ಲೋ ಮೇಡಂ” ಎನ್ನುತ್ತಾರೆ. ಅವರು ಹೇಳುವುದು ನೆಟ್‌ವರ್ಕಿನ ಮಾತು. ಸಂಜೆಯ ಹೊತ್ತಿಗೆ ನನಗೆ ನನ್ನನ್ನೇ ಅಂದಂತೆ ಕೇಳಿಸತೊಡಗುತ್ತದೆ.

ನಮ್ಮ ಕುಲಸಚಿವರಿಗೆ ಸಂಘವೆಂದರೆ ಅಷ್ಟಕ್ಕಷ್ಟೇ. “ಏನಮ್ಮಾ, ವರ್ಷಕ್ಕೊಂದ್ಸಲ ಒಟ್ಟಿಗೆ ಊಟ ಮಾಡ್ಕೊಂಡ್ ಬರೋಕೆ ಒಂದು ರಾಷ್ಟ್ರೀಯ ಸಂಘ ಬೇಕಾ?” ಎಂದರು. “ಊಟಕ್ಕಲ್ಲ ಸರ್, ಕಷ್ಟ ಹೇಳ್ಕೊಳ್ಳೋಕೆ” ಎಂದೆ. “ಕಷ್ಟ ಹೇಳ್ಕೊಳ್ಳೋಕೆ ನಾನಿಲ್ವಾ?” ಎಂದರು. ನನ್ನ ಕಷ್ಟವೇ ಅವರೆಂದು ಹೇಗೆ ಹೇಳಲಿ?

ನಿಮ್ಮ ಠರಾವಿಗೆ ನನ್ನ ಕೈ ಎತ್ತಿಯಾಗಿದೆ ಎಂದೇ ತಿಳಿಯಿರಿ. ನಿಮ್ಮ ನಕಲನ್ನು ಎತ್ತಿ ನೋಡುವ ಕೆಲಸವನ್ನು ನಾನೇ ಮಾಡುತ್ತೇನೆ, ಫಲಿತಾಂಶಗಳ ಗಲಾಟೆ ಮುಗಿಯಲಿ. ಹಿಂದಿನವರ ವರದಿಗಳನ್ನು ನೋಡಿದೆ. ಪ್ರತಿ ವರ್ಷವೂ ಒಂದೇ ಮಾತು: ‘ಸರಿಯಿದೆ.’ ಇನ್ನೊಂದು ಮಾತಿಲ್ಲ. ಅವರು ಅಷ್ಟು ಮಿತಭಾಷಿಗಳೇ?

ನನ್ನ ಮಗಳು ತನ್ನ ಅಜ್ಜಿಯ ಬಳಿ ದೂರು ಕೊಟ್ಟಿದ್ದಾಳೆ: “ಅಮ್ಮ ಮನೇಲಿ ನಗೋದೇ ಇಲ್ಲ, ಸರ್ವರ್ ಹತ್ರ ಮಾತ್ರ ನಗ್ತಾಳೆ.” ಸರ್ವರಿನ ಹತ್ತಿರವೂ ನಕ್ಕು ಬಹಳ ದಿನವಾಯಿತು.

ಎಂದಿಗೂ ನಿಮ್ಮ ಶಿಷ್ಯೆ,
ಯಾಕಮ್ಮ


೯ ಆಗಸ್ಟ್

ಮೇಷ್ಟ್ರೇ,

ಈ ಕಾಗದವನ್ನು ಎರಡು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ನಿಮ್ಮ ನಕಲನ್ನು ಎತ್ತಿ ನೋಡಿದೆ. ಸರಾಗವಾಗಿ ಬಿಚ್ಚಿಕೊಂಡಿತು. ಖುಷಿಯಲ್ಲಿ ಒಂದು ಹೆಸರು ಹುಡುಕಿದೆ. ಹೋದ ವರ್ಷ ನಿಮ್ಮಲ್ಲಿ ಸೇರಿದ ನನ್ನ ಚಿಕ್ಕಮ್ಮನ ಮಗನದು. ಸಿಗಲಿಲ್ಲ. ಅವನ ತರಗತಿಯ ಯಾರೂ ಸಿಗಲಿಲ್ಲ. ಅದರ ಹಿಂದಿನ ವರ್ಷದವರೂ ಇಲ್ಲ.

ಕೂತು ಬಗೆದು ನೋಡಿದಾಗ ತಿಳಿಯಿತು. ಮೂರು ವರ್ಷದ ಹಿಂದೆ ನೀವು ಹೊಸ ವ್ಯವಸ್ಥೆಗೆ ಬದಲಾದಿರಲ್ಲ, ಆಗ ದಾಖಲೆಗಳೆಲ್ಲ ಹೊಸ ಸರ್ವರಿಗೆ ಹೋದವು. ಬ್ಯಾಕಪ್ ತೆಗೆಯುವ ಪ್ರೋಗ್ರಾಮಿಗೆ ಮಾತ್ರ ಯಾರೂ ಹೊಸ ವಿಳಾಸ ಹೇಳಲಿಲ್ಲ. ಹಳೆಯ ಸರ್ವರನ್ನು ನಿಲ್ಲಿಸಲೂ ಇಲ್ಲ. ಅದು ಯಾವುದೋ ಮೂಲೆಯಲ್ಲಿ ಸುಮ್ಮನೆ ಓಡುತ್ತಿದೆ. ವಾರ ವಾರವೂ ಅದರದೇ ಹೊಸ ನಕಲು ನಮಗೆ ಬರುತ್ತಿದೆ, ಹಸಿರು ಗುರುತು ಬೀಳುತ್ತಿದೆ. ಈ ಮೂರು ವರ್ಷದಲ್ಲಿ ಬಂದ ಮಕ್ಕಳಲ್ಲಿ ಒಬ್ಬರೂ ನಮ್ಮ ಬಳಿ ಇಲ್ಲ. ಇವತ್ತು ನಿಮ್ಮ ಯಂತ್ರಕೋಣೆಗೆ ಬೆಂಕಿ ಬಿದ್ದರೆ ಅವರು ಓದಿದ್ದಕ್ಕೆ ಜಗತ್ತಿನಲ್ಲಿ ಎಲ್ಲಿಯೂ ಸಾಕ್ಷಿ ಉಳಿಯುವುದಿಲ್ಲ.

ಒಮ್ಮೆ ಎತ್ತಿ ನೋಡಿದ್ದರೂ ಇದು ಕಾಣುತ್ತಿತ್ತು. ಆ ಮೂರು ವರ್ಷದ ವರದಿಗಳಲ್ಲೂ ‘ಸರಿಯಿದೆ’ ಎಂದೇ ಇದೆ.

ವರದಿ ಬರೆದಿಟ್ಟಿದ್ದೇನೆ, ಯಾರಿಗೂ ತೋರಿಸಿಲ್ಲ. ನವೆಂಬರಿನಲ್ಲಿ ಎಲ್ಲರೆದುರು ಅದನ್ನು ಓದಬೇಕಾದವಳು ನಾನು, ಅಧ್ಯಕ್ಷರ ಕುರ್ಚಿಯಲ್ಲಿ ಕೂತಿರುವವರು ನೀವು. ಮೊದಲು ಅದನ್ನು ಸರಿಪಡಿಸಿ. ಆಮೇಲೆ ನಾನೇನು ಮಾಡಬೇಕೆಂದು ಹೇಳಿ.

ಯಾಕಮ್ಮ


೧೭ ಸೆಪ್ಟೆಂಬರ್

ಪ್ರೀತಿಯ ಯಾಕಮ್ಮ,

ಉತ್ತರ ತಡವಾಯಿತು. ಸರಿಪಡಿಸುವ ಕೆಲಸ ನಿನ್ನ ಕಾಗದ ತಲುಪಿದ ದಿನವೇ ಆಯಿತು. ಕಾಗದ ಬರೆಯುವ ಕೆಲಸಕ್ಕೆ ಮನಸ್ಸು ಬರಲಿಲ್ಲ. ನಿಮ್ಮ ನಕಲನ್ನೂ ಎತ್ತಿ ನೋಡಿದೆ. ಅದು ಎದ್ದು ನಿಂತಿತು. ಅದು ನಮ್ಮ ಅದೃಷ್ಟ, ಶ್ರದ್ಧೆಯಲ್ಲ.

ನಿನ್ನ ಹಿಂದಿನವರು ಮಿತಭಾಷಿಗಳಲ್ಲ. ಅವರು ಬಾಯಿ ಬಿಟ್ಟರೆ ಸಭೆ ಮುಗಿಯುತ್ತಿರಲಿಲ್ಲ. ನಮ್ಮಲ್ಲಿ ಬಂಧುತ್ವವೇನೂ ಇರದಿದ್ದರೂ ಇಬ್ಬರೂ ಪರಸ್ಪರ ಭಾವ ಎಂದೇ ಕರೆದುಕೊಳ್ಳುತ್ತಿದ್ದೆವು. ಮೊದಮೊದಲು ಹಗಲಿಡೀ ಕೂತು ಎತ್ತಿ ನೋಡುತ್ತಿದ್ದೆವು. ಸ್ನೇಹ ಬೆಳೆದಂತೆ ಅದು ಫೋನಿಗೆ ಇಳಿಯಿತು. “ಭಾವ, ನಮ್ದು ಎತ್ತಿ ನೋಡಿದ್ರಾ?” “ನಿಮ್ಮನೇದು ನೋಡೋದೇನಿದೆ ಭಾವ, ಬರೆದ್ಬಿಡ್ತೀನಿ.” “ಹಾಗಾದ್ರೆ ನಾನೂ ಬರೆದ್ಬಿಡ್ಲಾ?” ಒಬ್ಬರನ್ನೊಬ್ಬರು ಪರೀಕ್ಷಿಸುವುದು ಅವಮಾನವೆಂಬಂತೆ ತೋರಿತು. ಸೋಮಾರಿತನಕ್ಕಿಂತ ಹೆಚ್ಚಾಗಿ ಅದು ದಾಕ್ಷಿಣ್ಯ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಈಗ ನಕಲು ಸರಿಯಾಗಿದೆ. ಅಕ್ಟೋಬರಿನಲ್ಲಿ ಇನ್ನೊಮ್ಮೆ ಎತ್ತಿ ನೋಡು, ಅದರ ವರದಿಯನ್ನು ಸಭೆಯಲ್ಲಿ ಓದು. ಅದರಲ್ಲಿ ಸುಳ್ಳೇನೂ ಇರುವುದಿಲ್ಲ. ಆಗಸ್ಟಿನದು ನಮ್ಮಿಬ್ಬರಲ್ಲೇ ಇರಲಿ. ಈ ಒಂದು ವರ್ಷದ ಮಟ್ಟಿಗೆ.

ಮೇಷ್ಟ್ರು


೨೨ ಸೆಪ್ಟೆಂಬರ್

ಮೇಷ್ಟ್ರೇ,

ಯಾಕೆ?

ಯಾಕಮ್ಮ


೩ ಅಕ್ಟೋಬರ್

ಪ್ರೀತಿಯ ಯಾಕಮ್ಮ,

“ಏನಂತೆ ಅವಳದು?” ಎಂದು ನನ್ನಾಕೆ ಕೇಳಿದಳು. ಕಾಗದವನ್ನು ತೋರಿಸಿದೆ. “ಇಷ್ಟಕ್ಕೆ ಸ್ಟಾಂಪ್ ಬೇರೆ ಹಚ್ಚಿದಾಳಾ?” ಎಂದಳು. ಆಮೇಲೆ ನನ್ನ ಮುಖ ನೋಡಿ ಕಾಗದವನ್ನು ಮಡಿಸಿ ಮೇಜಿನ ಮೇಲಿಟ್ಟಳು.

ಮೊದಲು ಸಿಟ್ಟು ಬಂದಿತು. ಈ ಪ್ರಶ್ನೆಯನ್ನು ಕೇಳುವುದಕ್ಕೆ ನಿನಗೆ ಧೈರ್ಯ ತುಂಬಿದವನು ನಾನೇ ಎಂಬುದು ನೆನಪಾಗಿ ಆ ಸಿಟ್ಟಿಗೆ ನಿಲ್ಲಲು ಜಾಗವಿಲ್ಲದಂತಾಯಿತು.

ಉತ್ತರ ಇದು. ನಿನ್ನ ಆಗಸ್ಟಿನ ವರದಿ ಓದಿದ ಮರುಗಳಿಗೆ ದೊಡ್ಡಪ್ಪ ಎದ್ದು ನಿಲ್ಲುತ್ತಾರೆ. ಅಧ್ಯಕ್ಷರ ಮನೆಯೇ ಹೀಗಿರುವಾಗ ಇನ್ನಷ್ಟು ಜನರನ್ನು ಒಳಗೆ ಕರೆಯುವುದೇ ಎನ್ನುತ್ತಾರೆ. ಠರಾವು ಅಲ್ಲಿಗೆ ಬಿದ್ದಂತೆ. ಆ ಮೇಡಂ ಇನ್ನೆಷ್ಟು ವರ್ಷ ಚೀಲ ಹೊತ್ತು ಬಸ್ಸು ಹತ್ತಬೇಕು? ನನ್ನ ಬಳಿ ಇನ್ನೊಂದು ನವೆಂಬರ್ ಇಲ್ಲ. ಒಂದು ಒಳ್ಳೆಯ ಕೆಲಸಕ್ಕಾಗಿ ಒಂದು ಕೆಟ್ಟ ಸುದ್ದಿಯನ್ನು ಕೆಲವು ತಿಂಗಳು ಬದಿಗಿಡು ಎಂದೆ, ಅಷ್ಟೆ.

ಇದು ಪೂರ್ತಿ ಉತ್ತರವೇ ಎಂದು ನೀನು ಮತ್ತೆ ಕೇಳಬಹುದು. ಅಲ್ಲ. ನಾನು ದಣಿದಿದ್ದೇನೆ. ಈ ಸಂಘಕ್ಕಾಗಿ ಓಡಾಡಿದ ಕಾಲುಗಳಿವು. ಕೊನೆಯ ದಿನ ತಲೆ ತಗ್ಗಿಸಿ ಮೆಟ್ಟಿಲಿಳಿಯುವುದು ಬೇಡವೆನಿಸಿತು.

ಓದುವವಳು ನೀನು. ಇನ್ನೊಮ್ಮೆ ಕೇಳುವುದಿಲ್ಲ.

ಮೇಷ್ಟ್ರು


೧೯ ಅಕ್ಟೋಬರ್

ಮೇಷ್ಟ್ರೇ,

ನಿಮ್ಮ ಹೊಸ ನಕಲನ್ನು ಎತ್ತಿ ನೋಡಿದೆ. ಎಲ್ಲರೂ ಇದ್ದಾರೆ. ಚಿಕ್ಕಮ್ಮನ ಮಗನೂ ಸಿಕ್ಕಿದ. ಒಂದು ವಿಷಯದಲ್ಲಿ ನಪಾಸಾಗಿದ್ದಾನೆ, ಮನೆಯಲ್ಲಿ ಹೇಳಿಲ್ಲ. ನಾನೂ ಹೇಳುವುದಿಲ್ಲ, ಅದು ನಮ್ಮ ವೃತ್ತಿಯ ಶಿಸ್ತು. ಆದರೆ ನಿಮ್ಮ ವಿಷಯ ಅಂಥದಲ್ಲ.

ಎರಡೂ ವರದಿಗಳನ್ನು ಓದುತ್ತೇನೆ, ಆಗಸ್ಟಿನದನ್ನೂ ಈ ತಿಂಗಳಿನದನ್ನೂ. ಬಹಳ ಯೋಚಿಸಿದೆ. ಚಿಕ್ಕ ಕಾಲೇಜುಗಳನ್ನು ನಾವು ಕರೆಯುತ್ತಿರುವುದು ಯಾವ ಮನೆಯೊಳಕ್ಕೆ? ಆ ಮೇಡಂ ತಮ್ಮ ಚೀಲವನ್ನು ದಿನಕ್ಕೆ ಹತ್ತು ಸಲ ತಟ್ಟಿ ನೋಡಿಕೊಳ್ಳುತ್ತಾರೆ. ನಮ್ಮ ಕೈಗೆ ಕೊಟ್ಟ ಮೇಲೆ ನಿಶ್ಚಿಂತೆಯಿಂದ ಕೈ ಬಿಡುತ್ತಾರೆ. ನಾವೋ ಒಬ್ಬರಿಗೊಬ್ಬರು ಫೋನ್ ಮಾಡಿ ‘ಸರಿಯಿದೆ’ ಎಂದು ಬರೆದುಕೊಳ್ಳುತ್ತೇವೆ. ಹಾಗಿದ್ದರೆ ಅವರಿಗೆ ಆ ಬಸ್ಸೇ ವಾಸಿ.

ನಿಮ್ಮ ಠರಾವು ನನ್ನಿಂದ ಬೀಳಬಹುದು ಎಂದು ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ. ಸಿಟ್ಟಾದರೆ ಸಿಟ್ಟಾಗಿ, ಮಾತು ಬಿಟ್ಟರೆ ಬಿಡಿ. ನಿಮ್ಮ ಮುಖ ನೋಡಿ ಓದುವ ಶಕ್ತಿ ಮಾತ್ರ ನನಗಿಲ್ಲ. ಕಾಗದ ನೋಡಿಕೊಂಡು ಓದುತ್ತೇನೆ.

ಯಾಕಮ್ಮ


೨೭ ನವೆಂಬರ್

ಮೇಷ್ಟ್ರೇ,

ಕ್ಷೇಮವಾಗಿ ಊರು ಸೇರಿದೆ. ಕುಲಸಚಿವರು ಮಧ್ಯಾಹ್ನದವರೆಗೆ ಮಾತ್ರ ಅನುಮತಿ ಕೊಟ್ಟಿದ್ದರು. ಓದಿ ಮುಗಿಸಿ, ಊಟದ ಬಿಡುವಿನಲ್ಲಿ ಹೊರಡಬೇಕಾಯಿತು. ನಿಮಗಾಗಿ ಊಟದ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ನೀವು ದೂರದ ಕಿಟಕಿಯ ಬಳಿ ನಿಂತು ಹೊರಗೆ ನೋಡುತ್ತಿದ್ದಿರಿ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಸೈಕಲ್ ನಿಲ್ಲಿಸುವ ಶೆಡ್ಡಿತ್ತು.

ಮಧ್ಯಾಹ್ನ ಏನಾಯಿತೆಂದು ಯಾರನ್ನೂ ಕೇಳಿಲ್ಲ. ನೀವೇ ಬರೆದರೆ ಓದುತ್ತೇನೆ. ಬರೆಯದಿದ್ದರೂ ಅರ್ಥಮಾಡಿಕೊಳ್ಳುತ್ತೇನೆ.

ಯಾಕಮ್ಮ


೧೫ ಡಿಸೆಂಬರ್

ಪ್ರೀತಿಯ ಯಾಕಮ್ಮ,

ನಮ್ಮ ಕೇಂದ್ರದ ಪಡಸಾಲೆಯಲ್ಲಿ, ಪಾಸ್‌ವರ್ಡ್ ಮರೆತ ವಿದ್ಯಾರ್ಥಿಗಳು ಕಾಯುವ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನನ್ನ ಕೋಣೆಯಿಂದ ನನ್ನನ್ನು ಹೊರಗೆ ಕಳಿಸಿದ್ದಾರೆ. ಕಳಿಸಿದವರು ಮೊನ್ನೆ ನಿನ್ನಲ್ಲಿಗೆ ಬಂದು ನಮ್ಮ ನಕಲನ್ನು ತೆಗೆದುಕೊಂಡು ಹೋದ, ಮೆಟ್ಟಿಲ ಕೆಳಗೆ ಸರ್ವರ್ ಇಟ್ಟುಕೊಂಡಿರುವ ಆ ಚಿಕ್ಕ ಕಾಲೇಜಿನ ಮೇಡಂ. ಸಭೆಯ ಅರ್ಧ ಕಥೆಯನ್ನು ಆಕೆ ನಿನಗೆ ಹೇಳಿರಬಹುದು. ಉಳಿದರ್ಧ ನಾನು ಹೇಳಬೇಕಾದ್ದು.

ಅಂದು ನಾನು ನಿನ್ನ ಬಳಿ ಬರದಿದ್ದದ್ದು ಸಿಟ್ಟಿನಿಂದಲ್ಲ. ನೀನು ಕಾಗದದಿಂದ ಕಣ್ಣೆತ್ತದೆ ಓದಿದೆ, ಆದರೆ ದನಿ ಎಲ್ಲಿಯೂ ತಡವರಿಸಲಿಲ್ಲ. ಅಂಥ ದನಿಯನ್ನು ಬೆಳೆಸಿದೆನೆಂಬ ಹೆಮ್ಮೆಯೂ ಅದು ಹೇಳುತ್ತಿದ್ದ ಮಾತಿನ ನಾಚಿಕೆಯೂ ಒಟ್ಟಿಗೇ ಬಂದವು. ಎರಡನ್ನೂ ಹೊತ್ತ ಮುಖವನ್ನು ನಿನಗೆ ಹೇಗೆ ತೋರಿಸುವುದೆಂದು ತಿಳಿಯದೆ ಸೈಕಲ್ ಶೆಡ್ಡನ್ನು ನೋಡಿದೆ.

ಊಟವಾದ ಮೇಲೆ, ನಿರೀಕ್ಷಿಸಿದಂತೆಯೇ, ದೊಡ್ಡಪ್ಪ ಎದ್ದರು. “ಅಧ್ಯಕ್ಷರೇ, ಆ ಹುಡುಗಿ ಓದಿದ್ದು ನಿಜಾನಾ?”

“ಒಂದಕ್ಷರವೂ ಬಿಡದೆ ನಿಜ” ಎಂದೆ.

“ನಿಮ್ಮನೆ ಬಾಗ್ಲಿಗೇ ಅಗುಳಿ ಇಲ್ಲ, ಊರೋರ ಗಂಟನ್ನೆಲ್ಲ ಕಾಯ್ತೀನಿ ಅಂತೀರಲ್ಲ ಸ್ವಾಮಿ!”

ಸಭೆ ನಕ್ಕಿತು. ಠರಾವನ್ನು ಉಪಸಮಿತಿಗೆ ಕಳಿಸಿದರು. ನಮ್ಮಲ್ಲಿ ಉಪಸಮಿತಿಗೆ ಹೋದದ್ದು ಹಿಂತಿರುಗಿ ಬಂದ ಉದಾಹರಣೆ ನನಗೆ ನೆನಪಿಲ್ಲ. ನೀನು ಹೆದರಿದಂತೆಯೇ ಆಯಿತು; ಅದನ್ನು ಮುಚ್ಚಿಡುವುದಿಲ್ಲ.

ಆದರೆ ಗೆದ್ದ ಹುರುಪಿನಲ್ಲಿ ದೊಡ್ಡಪ್ಪನವರಿಗೆ ಅಲ್ಲಿಗೆ ನಿಲ್ಲಿಸುವುದು ಆಗಲಿಲ್ಲ. “ಭಾವ ಭಾವ ಅಂತ ಬರ್ಕೊಂಡಿದ್ದು ಸಾಕು. ಈ ಸಲ ಅಧ್ಯಕ್ಷರದನ್ನ ಗುರುತು ಪರಿಚಯ ಇಲ್ದೋರು ಎತ್ತಿ ನೋಡ್ಲಿ. ಯಾರನ್ನೋ ಅತಿಥಿ ಅಂತ ಕರೆಸಿದ್ದಾರಲ್ಲ, ಮೂಲೆ ಕಾಲೇಜಿನ ಮೇಡಂ, ಅವ್ರೇ ನೋಡ್ಲಿ!” ಎಂದರು. ಮತ್ತೆ ನಗು. ಕೊನೆಯ ಸಾಲಿನಲ್ಲಿ ಆಕೆ ಎದ್ದು ನಿಂತರು.

“ಬರ್ತೀನಿ. ಯಾವತ್ತು ಬರ್ಲಿ?”

ನಗು ನಿಂತಿತು. ಸದಸ್ಯರಲ್ಲದವರು ಎತ್ತಿ ನೋಡುವಂತಿಲ್ಲ ಎಂದು ಯಾರೋ ನಿಯಮ ತೆಗೆದರು. “ಹಾಗಾದರೆ ಈ ಒಂದು ಕೆಲಸ ಮುಗಿಯುವವರೆಗೆ ಇವರನ್ನು ಸದಸ್ಯೆಯೆಂದು ಬರೆದುಕೊಳ್ಳೋಣವೇ?” ಎಂದು ಕೇಳಿದೆ. ಸೂಚನೆ ದೊಡ್ಡಪ್ಪನವರದೇ ಆದ್ದರಿಂದ ಅವರು ಬೇಡವೆನ್ನುವಂತಿರಲಿಲ್ಲ; ಉಳಿದವರು ಅವರ ಮುಖ ನೋಡಿ ಕೈ ಎತ್ತಿದರು. ಟೀ ಬಿಡುವಿನಲ್ಲಿ ಅವರು ಕಂಬದ ಮರೆಯಲ್ಲಿ ನಿಂತು ಫೋನಿನಲ್ಲಿ ಮೆಲ್ಲಗೆ ಕೇಳುತ್ತಿದ್ದರು: “ಅಲ್ವೋ, ನಮ್ದನ್ನ ಕೊನೇ ಸಲ ಎತ್ತಿ ನೋಡಿದ್ದು ಯಾವಾಗ?... ಅಂದ್ರೆ ಗೊತ್ತಿಲ್ವಾ?”

ನಿಮ್ಮಲ್ಲಿಂದ ತಂದ ನಕಲನ್ನು ಬಿಚ್ಚಿ ನಮ್ಮ ಮೂಲ ದಾಖಲೆಗಳೊಂದಿಗೆ ತಾಳೆ ನೋಡಲು ಇಂದು ಬೆಳಿಗ್ಗೆ ಮೇಡಂ ಬಂದರು. ದೂರದ ಪ್ರಯಾಣ, ಕಣ್ಣು ಕೆಂಪಾಗಿತ್ತು. “ಬನ್ನಿ ಮೇಡಂ, ಕೂತ್ಕೊಳ್ಳಿ, ಮೊದ್ಲು ಟೀ ಕುಡೀರಿ” ಎಂದೆ.

“ಟೀ ಆಮೇಲೆ ಸರ್. ಕುಡಿದ್ಮೇಲೆ ನಿಮ್ ತಪ್ಪು ಹೇಳೋಕೆ ನಂಗೆ ಬಾಯಿ ಬರಲ್ಲ. ನೀವು ಸ್ವಲ್ಪ ಹೊರಗಿರಿ.”

ಹೊರಗಿದ್ದೇನೆ. ಪಕ್ಕದಲ್ಲಿ ಬಂದು ಕೂತ ಹುಡುಗಿಯೊಬ್ಬಳು, ನಾನು ಯಾರೆಂದು ತಿಳಿಯದೆ, “ನೀವೂ ಪಾಸ್‌ವರ್ಡ್ ಮರೆತ್ರಾ ಅಂಕಲ್?” ಎಂದು ಮರುಕದಿಂದ ಕೇಳಿದಳು. “ಹೂಂ ಮಗಳೇ, ಹಾಗೇ ಅಂದ್ಕೋ” ಎಂದೆ. ನೀನು ಬಗೆದು ನೋಡಿರದಿದ್ದರೆ ಈ ಹುಡುಗಿಯ ಹೆಸರು ಇಂದಿಗೂ ಬೇರೆ ಯಾವ ಊರಿನಲ್ಲೂ ಇರುತ್ತಿರಲಿಲ್ಲ. ಈ ಮಾತನ್ನು ಅಂದೇ, ಆ ಕಿಟಕಿಯ ಬಳಿಯಿಂದ ನಡೆದು ಬಂದು, ನಿನಗೆ ಹೇಳಬೇಕಿತ್ತು.

ಒಳಗೆ ಏನು ಸಿಗುತ್ತದೋ ಗೊತ್ತಿಲ್ಲ. ನಮ್ಮ ಹುಡುಗರು ಎಚ್ಚರದಿಂದ ಮಾಡಿದ್ದಾರೆ, ಆದರೂ ಆಕೆ ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದಾರೆ. ಸುಮ್ಮನೆ ಕೂತು ನಿಯಮಗಳನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದೆ. ಆಗ ಹೊಳೆಯಿತು. ಎತ್ತಿ ನೋಡಿದವರು ಕಂಡದ್ದನ್ನು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಓದಿದ ಮೇಲೆಯೇ ಆ ಕೆಲಸ ಮುಗಿದಂತೆ. ಮುಂದಿನ ಸಭೆ ಮುಂದಿನ ನವೆಂಬರಿಗೆ.

ಅಲ್ಲಿಯವರೆಗೆ ಆಕೆ ಸದಸ್ಯೆ, ಯಾಕಮ್ಮ. ಸದಸ್ಯೆಯಾದ ಮೇಲೆ ಆಕೆಯ ಚೀಲದಲ್ಲಿರುವುದನ್ನೂ ಯಾರಾದರೂ ಕಾಯಲೇಬೇಕು. ಉಪಸಮಿತಿಯನ್ನು ಕೇಳುವ ಅಗತ್ಯವಿಲ್ಲ. ನಾನಂತೂ ಇನ್ನು ಹದಿನೈದು ದಿನದಲ್ಲಿ ಮನೆಗೆ. ಯಾರು ಕಾಯಬಹುದೆಂದು ನಾನು ನಿನಗೆ ಹೇಳಿಕೊಡುವ ಕಾಲ ಮುಗಿದಿದೆ.

ಬಾಗಿಲು ತೆರೆಯಿತು. “ಸರ್, ಒಳಗೆ ಬನ್ನಿ” ಎನ್ನುತ್ತಿದ್ದಾರೆ. ಮುಖ ನೋಡಿದರೆ ಏನೂ ತಿಳಿಯುವುದಿಲ್ಲ. ಹೋಗುತ್ತೇನೆ.

ನಿನ್ನ,
ಮೇಷ್ಟ್ರು